ತೂಫಾನಿ ತಿತ್ಲಿಯೂ ದಾವಲನ ಅಳುವೂ

ಮಕ್ಕಳಿಗಾಗಿ ಒಂದು ಹಿಂದಿ ಸಿನಿಮಾ ತಯಾರಾಗುತ್ತಿತ್ತು. ಹೆಸರು ‘ತೂಫಾನಿ ತಿತ್ಲಿ’. ಬಿರುಗಾಳಿಯ ಚಿಟ್ಟೆ ಎಂದು ಅರ್ಥ. ಕಥೆ ಸರಳ. ಒಬ್ಬ ಹುಡುಗಿಗೆ ಇದ್ದಕ್ಕಿದ್ದಂತೆ ಹಾರುವ ಶಕ್ತಿ ಬರುತ್ತದೆ. ಊರಿನ ಮಕ್ಕಳನ್ನು ಕದ್ದೊಯ್ಯುವ ದುಷ್ಟನೊಬ್ಬನನ್ನು ಅವಳು ಸದೆಬಡಿಯುತ್ತಾಳೆ. ಕೆಂಪು ಮುಖವಾಡ, ಹಳದಿ ರೆಕ್ಕೆ, ಮೊಣಕಾಲವರೆಗೆ ಬೂಟು. ಮಕ್ಕಳಿಗೆ ಇಷ್ಟವಾಗಲು ಇನ್ನೇನು ಬೇಕು?

ಆ ಪಾತ್ರ ಮಾಡುತ್ತಿದ್ದವಳು ಬೆಳಗಾವಿಯ ಸಾನಿಕಾ. ವಯಸ್ಸು ಹತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ, ಮೂರೂ ಅವಳಿಗೆ ಸಲೀಸು. ಟೀವಿಯ ಡಾನ್ಸ್ ಸ್ಪರ್ಧೆಯಲ್ಲಿ ಅವಳನ್ನು ನೋಡಿ ಸಿನಿಮಾದವರು ಹುಡುಕಿಕೊಂಡು ಬಂದಿದ್ದರು. ಅವಳ ತಂದೆ ಪ್ರಲ್ಹಾದ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಅವನ ಪಾಲಿಗೆ ಸಿನಿಮಾ ಎಂದರೆ ದೇವರ ಗುಡಿ. ನಿರ್ದೇಶಕರು ಕೂರು ಎಂದರೆ ಕೂರುತ್ತಿದ್ದ, ನಿಲ್ಲು ಎಂದರೆ ನಿಲ್ಲುತ್ತಿದ್ದ. ಮಗಳ ಜೊತೆಗೇ ಊರೂರು ತಿರುಗುತ್ತಿದ್ದ.

ಗದಗಿನ ಹೊರಗೆ ಮುಚ್ಚಿಹೋದ ಒಂದು ಹತ್ತಿ ಮಿಲ್ಲು ಇದೆ ಎಂದು ಯಾರೋ ನಿರ್ದೇಶಕ ಅನಿಕೇತನಿಗೆ ಹೇಳಿದ್ದರು. ಅವನು ಬಂದು ನೋಡಿದ. ಮುರಿದ ಚಿಮಣಿ, ತುಕ್ಕು ಹಿಡಿದ ಕಬ್ಬಿಣದ ಬಾಗಿಲುಗಳು, ಒಳಗೆ ಕತ್ತಲೆ. ದುಷ್ಟನ ಅಡಗುದಾಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದ. ಲಾರಿಗಟ್ಟಲೆ ಸಾಮಾನು ಬಂತು. ಕ್ರೇನ್ ಬಂತು. ಸಾನಿಕಾಳ ಸೊಂಟಕ್ಕೆ ಪಟ್ಟಿ ಬಿಗಿದು ತಂತಿಯಲ್ಲಿ ಮೇಲೆತ್ತಿದರು. ಕಾಂಪೌಂಡಿನ ಮೇಲೆ ಹತ್ತಿ ಕೂತ ಊರಿನ ಮಕ್ಕಳು ಸೀಟಿ ಹೊಡೆದರು.

ಸಿನಿಮಾದಲ್ಲಿ ತಿತ್ಲಿಗೆ ಒಬ್ಬ ಪುಟ್ಟ ತಮ್ಮ. ದುಷ್ಟ ಅವನನ್ನು ಮಿಲ್ಲಿನೊಳಗೆ ಕೂಡಿಹಾಕುತ್ತಾನೆ. ತಮ್ಮ ಅಳುತ್ತಾನೆ. ಅಕ್ಕ ಹಾರಿ ಬಂದು ಬಿಡಿಸುತ್ತಾಳೆ. ಆ ಪಾತ್ರಕ್ಕೆಂದು ಮುಂಬೈಯಿಂದ ಬಂದಿದ್ದ ಹುಡುಗನಿಗೆ ಮೈಮೇಲೆ ಅಮ್ಮನ ಗುಳ್ಳೆ ಎದ್ದು ಅವನು ವಾಪಸು ಹೋದ. ಆಗ ಕಾಂಪೌಂಡಿನ ಮೇಲೆ ಕೂತಿದ್ದ ಮಕ್ಕಳಲ್ಲಿ ಒಬ್ಬ ಅನಿಕೇತನ ಕಣ್ಣಿಗೆ ಬಿದ್ದ. ದುಂಡು ಮುಖ, ದೊಡ್ಡ ಕಣ್ಣು. ಹೆಸರು ದಾವಲ. ಆರು ವರ್ಷದವನು. ತಂದೆ ತೀರಿಕೊಂಡಿದ್ದ. ತಾಯಿ ಮಾಬೂಬಿ ಬಸ್ ಸ್ಟ್ಯಾಂಡಿನ ಎದುರು ಗಾಡಿ ಇಟ್ಟುಕೊಂಡು ಮಂಡಕ್ಕಿಯ ಗಿರಮಿಟ್, ಮಿರ್ಚಿ ಭಜಿ ಮಾರುತ್ತಿದ್ದಳು. ಮನೆಯಲ್ಲಿ ಉರ್ದು ಮಾತಾಡುವವನಾದ್ದರಿಂದ ಹಿಂದಿ ಅವನಿಗೆ ತಿಳಿಯುತ್ತಿತ್ತು.

ಮಾಬೂಬಿ ಮೊದಲು ಒಪ್ಪಲಿಲ್ಲ. ದಾವಲ ಹಟ ಹಿಡಿದ. ಕೊನೆಗೆ ಅವಳೇ ಅವನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಕರೆತಂದಳು. ಸಾನಿಕಾಳ ಕೈಯಲ್ಲಿ ಅವನ ಕೈ ಇಟ್ಟಳು.

“ಬೇಟಿ, ನಾ ಗಾಡಿ ಬಿಟ್ಟು ಇಲ್ಲೇ ಕುಂದ್ರಾಕ ಆಗೂದಿಲ್ಲ. ನಿನ್ನ ತಮ್ಮನಂಗ ನೋಡ್ಕೋವಾ.”

“ನೋಡ್ಕೋತೀನ್ರಿ,” ಎಂದಳು ಸಾನಿಕಾ.

ದಾವಲ ಬಲು ಖುಷಿಯ ಹುಡುಗ. ಲೈಟಿನವರಿಗೆ ನಮಸ್ಕಾರ ಹೇಳುತ್ತಿದ್ದ. ಕ್ರೇನಿನವನ ಪಕ್ಕ ಕೂತು ಹಾರ್ನ್ ಒತ್ತುತ್ತಿದ್ದ. ಸಾನಿಕಾಳ ರೆಕ್ಕೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. “ಅಕ್ಕಾ, ಇದು ಪ್ಲಾಸ್ಟಿಕ್ ಐತಿ. ನೀ ಹಗ್ಗದಾಗ ಹಾರ್ತಿ. ನಾ ಯಾರಿಗೂ ಹೇಳೂದಿಲ್ಲ ಬಿಡು,” ಎಂದು ಕಿವಿಯಲ್ಲಿ ಹೇಳುತ್ತಿದ್ದ.

ತೊಂದರೆ ಶುರುವಾದದ್ದು ಅಳುವ ದೃಶ್ಯದಲ್ಲಿ.

ದಾವಲನಿಗೆ ಅಳು ಬರಲಿಲ್ಲ. ಬಾಗಿಲು ಬಡಿದು ಅಳು ಎಂದರೆ ಬಾಗಿಲು ಬಡಿದು ನಗುತ್ತಿದ್ದ. ಕಣ್ಣಿಗೆ ಗ್ಲಿಸರಿನ್ ಹಾಕಿದರು. ಉರಿಯುತ್ತದೆಂದು ಕಣ್ಣನ್ನೇ ಮುಚ್ಚಿಕೊಂಡ. ಗದರಿಸಿದರು. ನಾಲಿಗೆ ಚಾಚಿದ. ಮುದ್ದು ಮಾಡಿದರು. ಇನ್ನಷ್ಟು ನಕ್ಕ. ಹೊರಗೆ ಬಿಸಿಲು ಇಳಿಯುತ್ತ ಬಂತು. ಮುರಿದ ಕಿಟಕಿಯಿಂದ ಬೀಳುವ ಆ ಇಳಿಬಿಸಿಲೇ ಅನಿಕೇತನಿಗೆ ಬೇಕಾಗಿತ್ತು. ಅವನು ತಲೆ ಕೆರೆದುಕೊಂಡ. ಟೋಪಿ ತೆಗೆದು ನೆಲಕ್ಕೆ ಒಗೆದ. ಆಮೇಲೆ ಕ್ಯಾಮೆರಾದವನ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಕ್ಯಾಮೆರಾದವನು ಒಂದು ಕ್ಷಣ ಅವನ ಮುಖವನ್ನೇ ನೋಡಿ ತಲೆಯಾಡಿಸಿದ.

ಸಾನಿಕಾ ಆಗ ಕಬ್ಬಿಣದ ಬಾಗಿಲಿನ ಆಚೆ ಕಡೆ ನಿಂತಿದ್ದಳು. ದಾವಲ ಅತ್ತ ಮೇಲೆ ಅವಳು ಒಳಗೆ ಬರಬೇಕಿತ್ತು.

ಅನಿಕೇತ ದಾವಲನ ಮುಂದೆ ಮಂಡಿಯೂರಿ ಕೂತ. ಅವನ ಎರಡೂ ಭುಜ ಹಿಡಿದುಕೊಂಡ. ಹಿಂದಿಯಲ್ಲಿ ಹೇಳಿದ:

“ಬೇಟಾ, ಒಂದು ಕೆಟ್ಟ ಸುದ್ದಿ ಬಂದಿದೆ. ನಿನ್ನನ್ನು ನೋಡಲು ಇಲ್ಲಿಗೆ ಬರುತ್ತಿದ್ದಾಗ ನಿನ್ನ ಅಮ್ಮಿಗೆ ಲಾರಿ ಬಡಿಯಿತು. ಅಮ್ಮಿ ಹೋಗಿಬಿಟ್ಟಳು. ಇನ್ನು ಬರುವುದಿಲ್ಲ.”

ಹೇಳಿದವನೇ ಎದ್ದು ಹಿಂದಕ್ಕೆ ಸರಿದ. ಕ್ಯಾಮೆರಾ ಓಡುತ್ತಲೇ ಇತ್ತು.

ದಾವಲ ಸುತ್ತ ನೋಡಿದ. ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರಾದರೂ ಅಲ್ಲ ಎನ್ನುತ್ತಾರೇನೋ ಎಂದು ಕಾದ. ಯಾರೂ ಅನ್ನಲಿಲ್ಲ.  ಆಮೇಲೆ “ಅಮ್ಮೀ!” ಎಂದು ಕಿರುಚಿ ಆ ಬಾಗಿಲಿಗೆ ಹೋಗಿ ಬಿದ್ದ. ಎರಡೂ ಮುಷ್ಟಿಯಿಂದ ಬಡಿದ. ತಲೆಯಿಂದ ಗುದ್ದಿದ. “ಮುಝೇ ಛೋಡೋ, ಅಮ್ಮೀ ಕನೇ ಜಾನಾ” ಎಂದು, ತನ್ನನ್ನು ಬಿಡಿ, ಅಮ್ಮಿಯ ಹತ್ತಿರ ಹೋಗಬೇಕು ಎಂದು ಅಂಗಲಾಚಿದ. ನೆಲಕ್ಕೆ ಬಿದ್ದು ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿದ.

ಇಲ್ಲಿ ಸ್ವಲ್ಪ ನಿಲ್ಲಿ. ಆ ಹೊತ್ತಿನಲ್ಲಿ ಮಿಲ್ಲಿನೊಳಗೆ ಯಾರು ಯಾರಿದ್ದರು ಗೊತ್ತೇ? ಕ್ಯಾಮೆರಾದವರು, ಲೈಟಿನವರು, ಬಣ್ಣ ಹಚ್ಚುವವರು, ಬಟ್ಟೆ ಹೊಲಿಯುವವರು, ಚಹಾ ಕೊಡುವವರು. ಮನೆಯಲ್ಲಿ ಮಕ್ಕಳಿರುವವರು. ಬೆಳಿಗ್ಗೆ ಆ ಮಕ್ಕಳಿಗೆ ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿದವರು. ಒಬ್ಬನಾದರೂ ಬಾಯಿ ಬಿಟ್ಟನೇ? ಇಲ್ಲ. ಅನಿಕೇತ ತುಟಿಯ ಮೇಲೆ ಬೆರಳಿಟ್ಟಿದ್ದ. ಅಷ್ಟಕ್ಕೇ ಎಲ್ಲರೂ ಉಸಿರು ಹಿಡಿದು ನಿಂತರು. ಇಂಥವರ ಮೌನ ನೆನೆದರೆ ಹೇಳುವ ನನಗೇ ಮೈ ಉರಿಯುತ್ತದೆ.

“ಕಟ್!” ಎಂದ ಅನಿಕೇತ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಲ್ಹಾದನೂ ತಟ್ಟಿದ.

ಬಾಗಿಲು ತೆರೆದು ಸಾನಿಕಾ ಒಳಗೆ ಓಡಿ ಬಂದಳು. ಬಾಗಿಲ ಸಂದಿಯಿಂದ ಅವಳಿಗೆ ಎಲ್ಲ ಕೇಳಿಸಿತ್ತು, ಆದರೆ ಕಟ್ ಎನ್ನುವವರೆಗೂ ಅಗಳಿ ತೆಗೆದಿರಲಿಲ್ಲ. ಅನಿಕೇತ ನಗುತ್ತ ದಾವಲನಿಗೆ ದೊಡ್ಡ ಚಾಕೊಲೇಟ್ ಚಾಚಿದ.

“ಶಾಬಾಶ್! ನಿನ್ನ ಅಮ್ಮಿಗೆ ಏನೂ ಆಗಿಲ್ಲ. ಸುಮ್ಮನೆ ತಮಾಷೆಗೆ ಹೇಳಿದೆ.”

ದಾವಲ ಚಾಕೊಲೇಟ್ ಮುಟ್ಟಲಿಲ್ಲ. ಅಳು ನಿಲ್ಲಿಸಲೂ ಇಲ್ಲ. ಬಿಕ್ಕುತ್ತ ಸಾನಿಕಾಳ ರೆಕ್ಕೆ ಹಿಡಿದುಕೊಂಡ.

“ಅಕ್ಕಾ, ಇಂವಾ ಆಗ ಸುಳ್ಳ ಹೇಳಿದ್ನೋ, ಈಗ ಸುಳ್ಳ ಹೇಳಾಕತ್ತಾನೋ?”

 ಇದಕ್ಕೆ ಏನು ಹೇಳಿದರೂ ಅವನು ನಂಬುವಂತಿರಲಿಲ್ಲ. ದೊಡ್ಡವರು ಹೇಳಿದ್ದನ್ನೆಲ್ಲ ನಂಬುವ ವಯಸ್ಸು ಅದು. ಆ ನಂಬಿಕೆಯನ್ನು ಆ ಮನುಷ್ಯ ಒಂದೇ ಮಾತಿನಲ್ಲಿ ಕಿತ್ತು ಬಿಸಾಡಿದ್ದ.

“ಇವನ ತಾಯಿಯನ್ನು ಕರೆಸಿ ಸರ್,” ಎಂದಳು ಅವಳು ಹಿಂದಿಯಲ್ಲಿ. “ಈಗಲೇ ಕರೆಸಿ. ಕಣ್ಣಾರೆ ನೋಡಿದರೆ ಸಮಾಧಾನ ಆಗುತ್ತದೆ.”

“ಕರೆಸೋಣ, ಕರೆಸೋಣ. ಇನ್ನೊಂದೇ ಶಾಟ್. ಅವನು ಅಳುತ್ತಿರುವಾಗಲೇ ನೀನು ಬಂದು ತಬ್ಬಿಕೊಳ್ಳಬೇಕು. ಮುಖ ಎಷ್ಟು ಚೆನ್ನಾಗಿ ಕೆಂಪಾಗಿದೆ ನೋಡು! ಬೆಳಕು ಹೋಗುತ್ತದೆ, ಬೇಗ.” ಅನಿಕೇತ ಹಿಂದೆ ತಿರುಗಿ ತನ್ನವರಿಗೆ ಹೇಳಿದ: “ಅವನ ತಾಯಿಗೆ ಈಗ ಯಾರೂ ಫೋನ್ ಮಾಡಬೇಡಿ. ಅವಳು ಬಂದರೆ ಇವನು ಅಳು ನಿಲ್ಲಿಸಿಬಿಡುತ್ತಾನೆ.”

ಆ ಮಾತು ಕೇಳಿ ಸಾನಿಕಾಳ ಕಿವಿ ಬಿಸಿಯಾಯಿತು. ಇಷ್ಟು ಹೊತ್ತು ಅವಳಿಗೆ ಭಯವಾಗಿತ್ತು, ಅಳು ಬಂದಿತ್ತು. ಈಗ ಅವೆರಡೂ ಹೋದವು. ಸಿಟ್ಟು ಬಂತು. ಮುಖವಾಡ ಕಿತ್ತು ಕೈಯಲ್ಲಿ ಹಿಡಿದಳು.

“ನಾನು ಮಾಡುವುದಿಲ್ಲ.”

ಪ್ರಲ್ಹಾದ ಓಡಿ ಬಂದ. “ಸಾನೂ, ಹುಚ್ಚಿಯಂಗ ಮಾಡಬ್ಯಾಡ. ಒಂದ ಶಾಟ್. ಆಮ್ಯಾಲ ಅವ್ರ ಕರಸ್ತಾರ. ಇಲ್ಲಿತನಾ ಬರಾಕ ನಾವು ಎಷ್ಟ ಒದ್ದಾಡೇವಿ, ಗೊತ್ತಿಲ್ಲ ನಿನಗ?”

“ಪಪ್ಪಾ, ಅವ್ನ ತಾಯಿ ಸತ್ತಾಳ ಅಂತ ಹೇಳ್ಯಾರ. ನೀ ಕೇಳಿಲ್ಲೇನು?”

“ಕೇಳೇನಿ. ಸಿನಿಮಾದಾಗ ಹಿಂತಾದ್ದೆಲ್ಲಾ ಇರತೈತಿ. ಸಣ್ಣ ಹುಡುಗ, ನಾಳೆ ಮರೀತಾನ.”

“ನನಗ ಹಂಗ ಹೇಳಿದ್ರ ನಾ ಮರೀತಿದ್ನೇನು?”

ಪ್ರಲ್ಹಾದ ಕೈ ಎತ್ತಿದ. ಎಲ್ಲರೂ ನೋಡುತ್ತಿದ್ದುದರಿಂದ ಇಳಿಸಿದ. ಸಾನಿಕಾ ಅವನ ಕಡೆ ಮತ್ತೆ ನೋಡಲಿಲ್ಲ. ದಾವಲನ ಕೈ ಹಿಡಿದಳು. ಲೈಟುಗಳ ನಡುವಿನಿಂದ, ವಯರುಗಳನ್ನು ದಾಟಿ, ಗೇಟಿನ ಹೊರಗೆ ನಡೆದಳು. ಹಿಂದಿನಿಂದ ಅನಿಕೇತ ಕೂಗುತ್ತಿದ್ದ. ಅವಳು ತಿರುಗಲಿಲ್ಲ.

ಹಳದಿ ರೆಕ್ಕೆಯ ಹುಡುಗಿ ರಸ್ತೆಗೆ ಇಳಿದದ್ದೇ ತಡ, ಜನ ಸೇರಿದರು. ಇದೂ ಶೂಟಿಂಗ್ ಎಂದುಕೊಂಡರು. ಮೊಬೈಲ್ ತೆಗೆದರು. “ಏ ತಿತ್ಲೀ, ಹಾರು! ಒಂದ್ ಸಲ ಹಾರು!” ಎಂದರು. ಪಕ್ಕದಲ್ಲಿ ಒಂದು ಕೂಸು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅದನ್ನೂ ಮೊಬೈಲಿನಲ್ಲಿ ಹಿಡಿದರು.

“ದಾರಿ ಬಿಡ್ರಿ!” ಎಂದು ಸಾನಿಕಾ ಚೀರಿದಳು. “ಹುಡುಗ ಅಳೂದು ಕಾಣವಲ್ದೇನು ನಿಮಗ? ಅದನ್ನ ಒಳಗ ಇಡ್ರಿ!”

ಯಾರೋ ಒಬ್ಬಿಬ್ಬರು ನಾಚಿ ಮೊಬೈಲ್ ಕಿಸೆಗೆ ಹಾಕಿಕೊಂಡರು. ಉಳಿದವರು ಇನ್ನೂ ಹತ್ತಿರ ಬಂದರು. ಅವಳು ದಾವಲನನ್ನು ಎತ್ತಿಕೊಳ್ಳಲು ನೋಡಿದಳು, ಆಗಲಿಲ್ಲ. ಅವನನ್ನು ಎಳೆದುಕೊಂಡೇ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಲಾರಿ ಬಂದಾಗಲೆಲ್ಲ ಅವನು ಅವಳ ಹಿಂದೆ ಅಡಗುತ್ತಿದ್ದ.

ಮಾಬೂಬಿ ಗಾಡಿಯ ಹಿಂದೆ ನಿಂತು ಮಿರ್ಚಿ ಕರಿಯುತ್ತಿದ್ದಳು. ದಾವಲ ತಾಯಿಯನ್ನು ಕಂಡು ನಿಂತುಬಿಟ್ಟ. ಓಡಿ ಹೋಗಿ ಅಪ್ಪಿಕೊಳ್ಳಲಿಲ್ಲ. ನಿಧಾನವಾಗಿ ಹತ್ತಿರ ಹೋದ. ಅವಳ ಮೊಣಕೈ ಮುಟ್ಟಿದ. ಸೀರೆಯ ಸೆರಗು ಮುಟ್ಟಿದ. ಬೆವೆತ ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ಏನಾತು? ಯಾರ ಹೊಡದ್ರು ಇವನ್ನ?” ಮಾಬೂಬಿ ಅವನನ್ನು ಬಾಚಿ ಎತ್ತಿಕೊಂಡಳು.

ಸಾನಿಕಾ ನಡೆದದ್ದನ್ನೆಲ್ಲ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ತನ್ನ ತಂದೆ ಚಪ್ಪಾಳೆ ತಟ್ಟಿದ್ದನ್ನೂ ಹೇಳಿದಳು. ಮಾಬೂಬಿ ಒಲೆ ಆರಿಸಿದಳು. ಗಿರಾಕಿಗಳು ತಟ್ಟೆ ಹಿಡಿದು ನಿಂತಿದ್ದರು. ಅವರನ್ನು ಅಲ್ಲೇ ಬಿಟ್ಟು, ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಮಿಲ್ಲಿನ ಕಡೆ ಹೊರಟಳು.

ಗೇಟಿನಲ್ಲಿ ಕಾವಲಿನವನು ತಡೆದ. ಅವಳು ಅವನನ್ನು ನೋಡಿದ ರೀತಿಗೆ ಅವನೇ ಪಕ್ಕಕ್ಕೆ ಸರಿದ. ಒಳಗೆ ಅನಿಕೇತ ಕುರ್ಚಿಯಲ್ಲಿ ಕೂತು ದಾವಲನ ಅಳುವನ್ನು ಪುಟ್ಟ ಪರದೆಯ ಮೇಲೆ ಮತ್ತೆ ಮತ್ತೆ ನೋಡುತ್ತಿದ್ದ. ಮಾಬೂಬಿ ಅವನ ಎದುರು ನಿಂತಳು.

“ನಾ ಸತ್ತೇನಿ ಅಂತ ಹೇಳಿದ್ಯಂತಲ್ಲ ಸಾಹೇಬ. ಬಂದೀನಿ, ನೋಡು.”

ಅವಳು ಮಾತಾಡಿದ್ದು ತನ್ನ ಮನೆಮಾತಾದ ಉರ್ದುವಿನಲ್ಲಿ, ಹಿಂದಿಯವನಾದ ಅವನಿಗೆ ಅದು ಅರ್ಥವಾಗುವಂಥದ್ದೇ. ಒಂದೊಂದು ಮಾತೂ ಅವನಿಗೆ ತಲುಪಿತು.

ಅವನು ಎದ್ದು ಕೈಮುಗಿದ. “ಅಮ್ಮಾ, ಸಿಟ್ಟಾಗಬೇಡಿ. ಹುಡುಗನಿಗೆ ಏನೂ ಆಗಿಲ್ಲ. ಎರಡು ನಿಮಿಷದ ತಮಾಷೆ. ಇವನ ಅಳು ನೋಡಿ ಇಡೀ ದೇಶವೇ ಅಳುತ್ತದೆ. ಇವನು ದೊಡ್ಡ ಹೆಸರು ಮಾಡುತ್ತಾನೆ.”

“ಎರಡ ನಿಮಿಷದ ತಮಾಷೆ?”

“ಹೌದಮ್ಮಾ, ಅಷ್ಟೇ.”

“ನಿನ್ನ ತಾಯಿ ಅದಾಳೇನು?”

“ಇದ್ದಾರೆ. ಯಾಕೆ?”

“ಹಂಗಾರ ನಿನ್ನ ಫೋನ್ ತಾ. ನಿನ್ನ ಮಗ ಗದಗಿನ್ಯಾಗ ಲಾರಿ ಕೆಳಗ ಸಿಕ್ಕು ಸತ್ತ ಅಂತ ನಾ ಆಕಿಗೆ ಹೇಳ್ತೀನಿ. ಎರಡ ನಿಮಿಷ ಅಳಲಿ. ಆಮ್ಯಾಲ ತಮಾಷೆ ಅಂತ ನೀನ ಹೇಳು. ತಾ.”

ಅವಳು ಕೈ ಚಾಚಿದಳು. ಅನಿಕೇತನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಯಿತು. ಫೋನನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡ.

“ಅವರಿಗೆ ವಯಸ್ಸಾಗಿದೆ. ಎದೆ ಒಡೆದುಕೊಳ್ಳುತ್ತಾರೆ,” ಎಂದ ಮೆಲ್ಲಗೆ.

“ನಿನ್ನ ತಾಯಿಗೆ ಎದಿ ಐತಿ. ನನ್ನ ಕೂಸಿಗೆ ಇಲ್ಲ, ಅಲ್ಲಾ?”

 ಬಣ್ಣ ಹಚ್ಚುವ ಹೆಂಗಸೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ಈಗ ನಾಚಿಕೆ ಬಂದಿತ್ತು. ತಡವಾಗಿ ಬಂದಿತ್ತು.

“ಆ ಅಳೂದನ್ನ ತಗದ ಹಾಕು,” ಎಂದಳು ಮಾಬೂಬಿ. “ನನ್ನ ಮಗಾ ನನಗಾಗಿ ಅತ್ತದ್ದು ಅದು. ನಿನಗಲ್ಲ.”

“ತೆಗೆದುಹಾಕುತ್ತೇನೆ. ಮಾತು ಕೊಡುತ್ತೇನೆ,” ಎಂದ ಅನಿಕೇತ.

ಅವಳು ಹೊರಟುಹೋದಳು. ಅವನು ತೆಗೆಯಲಿಲ್ಲ. ಮಗುವಿಗೇ ಸುಳ್ಳು ಹೇಳಿದವನು ತಾಯಿಗೆ ನಿಜ ಹೇಳುತ್ತಾನೆಯೇ?

ಮರುದಿನ ಪ್ರಲ್ಹಾದನನ್ನು ಕರೆದು ಅವನು, “ನಿನ್ನ ಮಗಳನ್ನು ಕರೆದುಕೊಂಡು ಹೊರಡು. ಮುಖವಾಡದ ಪಾತ್ರ ಇದು. ಒಳಗೆ ಯಾರಿದ್ದರೂ ನಡೆಯುತ್ತದೆ,” ಎಂದ. ಇನ್ನೊಬ್ಬ ಹುಡುಗಿ ಬಂದಳು. ಅದೇ ರೆಕ್ಕೆ, ಅದೇ ಬೂಟು ಅವಳಿಗೆ ಹಾಕಿದರು. ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬೆಳಗಾವಿಯ ಬಸ್ಸಿನಲ್ಲಿ ಪ್ರಲ್ಹಾದ ಕಿಟಕಿಯ ಕಡೆ ಮುಖ ಮಾಡಿ ಕೂತ. ಮಗಳ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಊಟಕ್ಕೆ ಕರೆಯುವುದು ಬಿಟ್ಟರೆ ಬೇರೆ ಮಾತಿಲ್ಲ. ಅವನ ಪಾಲಿಗೆ ಮಗಳು ದೇವರ ಗುಡಿಯಲ್ಲಿ ಚಪ್ಪಲಿ ಎಸೆದು ಬಂದಿದ್ದಳು.

ಸಿನಿಮಾ ಬಿಡುಗಡೆಯಾಯಿತು. ದೊಡ್ಡ ದೊಡ್ಡ ಪೋಸ್ಟರ್ ಬಿದ್ದವು. ಶಾಲೆ ಶಾಲೆಗಳಿಂದ ಮಕ್ಕಳನ್ನು ಸಾಲು ಮಾಡಿ ಕರೆದೊಯ್ದರು. ಪ್ರಲ್ಹಾದನಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಹೇಳದೆ ಒಬ್ಬನೇ ಹೋಗಿ ಟಾಕೀಸಿನ ಹಿಂದಿನ ಸಾಲಿನಲ್ಲಿ ಕೂತ. ನನ್ನ ಮಗಳು ಇಲ್ಲಿರಬೇಕಿತ್ತು ಎಂದುಕೊಳ್ಳುತ್ತಲೇ ನೋಡಿದ.

ಆ ದೃಶ್ಯ ಬಂತು. ಪರದೆಯ ತುಂಬ ದಾವಲನ ಮುಖ. ಕಬ್ಬಿಣದ ಬಾಗಿಲು. ಆ ಮುಷ್ಟಿಗಳು. ಮಾತುಗಳನ್ನು ಬದಲಿಸಿದ್ದರು, ಅಮ್ಮಿ ಎಂಬಲ್ಲಿ ದೀದಿ ಎಂದು ಬೇರೆ ಯಾವುದೋ ಮಗುವಿನ ದನಿ ಹಾಕಿದ್ದರು. ಆದರೆ ತುಟಿ ಅಮ್ಮಿ ಎಂದೇ ಆಡುತ್ತಿತ್ತು. ಟಾಕೀಸಿನಲ್ಲಿ ಮೂಗು ಒರೆಸುವ ಸದ್ದು ಕೇಳಿತು.

“ಏನ್ ಆ್ಯಕ್ಟಿಂಗ್ ಮಾಡೈತ್ರಿ ಕೂಸು!” ಎಂದಳು ಪಕ್ಕದ ಹೆಂಗಸು ಕಣ್ಣೀರು ಒರೆಸಿಕೊಳ್ಳುತ್ತ.

ಪ್ರಲ್ಹಾದನಿಗೆ ಕೂರಲಾಗಲಿಲ್ಲ. ಎದ್ದು ನಿಂತ.

“ಅದು ಆ್ಯಕ್ಟಿಂಗ್ ಅಲ್ಲರಿ! ಖರೇನ ಅಳಾಕತ್ತೈತಿ ಅದು! ನಾ ಅಲ್ಲೇ ಇದ್ದೆ!”

“ಏ, ಕುಂದರೋ!” ಎಂದರು ಅಕ್ಕಪಕ್ಕದವರು. “ಕುಡದ ಬಂದೀಯೇನು?” ಎಂದರು. ಅವನು ಹೊರಗೆ ಬಂದ. ಮನೆಯವರೆಗೂ ನಡೆದೇ ಹೋದ.

ಸಾನಿಕಾ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತ. ತಾನೂ ಒಂದು ಹಿಡಿ ಬಟಾಣಿ ತೆಗೆದುಕೊಂಡು ಸುಲಿದ.

“ಆ ಹುಡುಗನ ನೋಡಿ ನಾನೂ ಚಪ್ಪಾಳಿ ಹೊಡದೆ, ಸಾನೂ.”

“ಗೊತ್ತೈತಿ.”

“ನನ್ನ ಮ್ಯಾಲ ಸಿಟ್ಟೈತೇನು?”

“ಐತಿ.”

ಅವನು ತಲೆಯಾಡಿಸಿದ. ಇರಲಿ ಬಿಡು ಎನ್ನಲಿಲ್ಲ. ಸಣ್ಣವಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದೂ ಹೇಳಲಿಲ್ಲ. “ಆವತ್ತ ನನಗ ಬರಬೇಕಿತ್ತು ಆ ಸಿಟ್ಟು,” ಎಂದ. “ದೊಡ್ಡಾಂವ ನಾ. ನನಗ ಬರಲಿಲ್ಲ, ನಿನಗ ಬಂತು.”

ಮುಂದಿನ ವಾರ ಸಾನಿಕಾಳ ಶಾಲೆಗೆ ಒಂದು ದಿನ ರಜೆ ಹಾಕಿಸಿ, ಮಾಬೂಬಿಯನ್ನು ಕಾಣಲು ಇಬ್ಬರೂ ಗದಗಿಗೆ ಹೋದರು. ಬಸ್ ಸ್ಟ್ಯಾಂಡಿನ ಎದುರು ಮಾಬೂಬಿಯ ಗಾಡಿ ಇರಲಿಲ್ಲ. ಕೇಳಿದಾಗ ಪಕ್ಕದ ಹಣ್ಣಿನವನು ಹೇಳಿದ. ಮಗ ತಾಯಿಯನ್ನು ಬಿಟ್ಟು ಇರಲೊಲ್ಲ. ಶಾಲೆಗೆ ಕಳಿಸಿದರೆ ಚೀರಿ ಓಡಿ ಬರುತ್ತಾನೆ. ಮಧ್ಯಾಹ್ನ ಅಮ್ಮಿ ಬರುತ್ತಾಳೆ ಎಂದು ಮಾಸ್ತರರು ಹೇಳಿದರೆ, ನೀವು ಸುಳ್ಳು ಹೇಳುತ್ತೀರಿ ಎನ್ನುತ್ತಾನೆ. ಅದಕ್ಕೇ ಅವಳು ಗಾಡಿಯನ್ನು ಶಾಲೆಯ ಗೇಟಿಗೆ ಒಯ್ದಿದ್ದಾಳೆ. ಅಲ್ಲಿ ವ್ಯಾಪಾರ ಅಷ್ಟಕ್ಕಷ್ಟೇ. ಆದರೆ ತರಗತಿಯ ಕಿಟಕಿಯಿಂದ ಗಾಡಿ ಕಾಣುತ್ತದೆ. ಅವನು ಬರೆಯುತ್ತ ಬರೆಯುತ್ತ ತಲೆಯೆತ್ತಿ ನೋಡುತ್ತಾನಂತೆ. ಅವಳು ಕೈ ಎತ್ತುತ್ತಾಳಂತೆ. ಆಮೇಲೆ ಮತ್ತೆ ಬರೆಯುತ್ತಾನಂತೆ.

ಇಬ್ಬರೂ ಶಾಲೆಯ ಹತ್ತಿರ ಹೋದರು. ಮಾಬೂಬಿ ಸಾನಿಕಾಳ ಗುರುತು ಹಿಡಿದು ಹತ್ತಿರ ಎಳೆದುಕೊಂಡು ಕೆನ್ನೆ ಸವರಿದಳು. ಪ್ರಲ್ಹಾದ ಬಿಸಿಲಿನಲ್ಲಿ ನಿಂತು ಕೈಮುಗಿದ.

“ಅವ್ವಾ, ನಾ ಈಕಿ ತಂದಿ. ಆವತ್ತ ಅಲ್ಲೇ ಇದ್ದೆ. ನಿಮ್ಮ ಮಗಾ ಅಳೂ ಮುಂದ ಸುಮ್ಮನ ನಿಂತೆ. ಚಪ್ಪಾಳಿ ಹೊಡದೆ. ತಪ್ಪಾತು.”

ಮಾಬೂಬಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಟ್ಟೆಯಲ್ಲಿ ಗಿರಮಿಟ್ ಹಾಕಿ, ಮೇಲೆ ಹೆಚ್ಚಿದ ಈರುಳ್ಳಿ ಉದುರಿಸಿ ಸಾನಿಕಾಳ ಕೈಗೆ ಕೊಟ್ಟಳು. ಇನ್ನೊಂದು ತಟ್ಟೆ ತೆಗೆಯಲಿಲ್ಲ.

“ಹೇಳಾಕ ಬಂದ್ರಲ್ಲ, ಅಷ್ಟ ಛಲೋ ಆತು ಅಣ್ಣಾರ,” ಎಂದಳು. “ಆದ್ರ ನಿಮಗ ಉಣಸಾಕ ನನಗಿನ್ನೂ ಮನಸ್ಸಿಲ್ಲ.”

ಪ್ರಲ್ಹಾದ ಬೇಸರಪಡಲಿಲ್ಲ. ಆ ಮಾತು ನ್ಯಾಯ ಎಂದು ಅವನಿಗೆ ಅನ್ನಿಸಿತು. ಮಗಳು ತಿಂದು ಮುಗಿಸುವವರೆಗೂ ಗಾಡಿಯ ಪಕ್ಕದಲ್ಲಿ ನಿಂತೇ ಇದ್ದ.

ನೀತಿ: ಒಂದು ಮಗುವನ್ನು ನೋಯಿಸಿ ಮಾಡಿದ್ದು ಎಷ್ಟೇ ಚೆಂದವಿದ್ದರೂ ಅದು ಮಕ್ಕಳಿಗಾಗಿ ಮಾಡಿದ್ದಲ್ಲ. ಕಣ್ಣೆದುರು ಅನ್ಯಾಯ ನಡೆಯುವಾಗ ಸುಮ್ಮನೆ ನಿಂತವರೂ ಅದರಲ್ಲಿ ಪಾಲುದಾರರೇ. ಅಂಥ ಹೊತ್ತಿನಲ್ಲಿ ಬರುವ ಸಿಟ್ಟು ಕೆಟ್ಟ ಗುಣವಲ್ಲ. ಅದನ್ನು ನುಂಗಬೇಡಿ. ನೊಂದವರ ಕೈ ಹಿಡಿದು ಅಲ್ಲಿಂದ ಹೊರಗೆ ನಡೆಯಿರಿ.